ಅಪ್ಪನ ಕ್ಯಾಮೆರಾಗೂ ನನ್ನದಕ್ಕೂ ಒಂದೇ ಲೆನ್ಸ್ ಸಾಕಾ?

ಪ್ರಶ್ನೆ: ಅಪ್ಪನ ಹಳೇ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಇದೆ, ನನ್ನದು ನಿಕಾನ್ ಡಿಜಿಟಲ್, ಡಿ5600. ಸೆಕೆಂಡ್‌ಹ್ಯಾಂಡ್ 85 ಎಂಎಂ ಎಫ್/1.8ಡಿ ಲೆನ್ಸ್ ಸಿಗುತ್ತಿದೆ. ತಗೊಳ್ಳಲಾ?

ಉತ್ತರ: ತಗೊಳ್ಳಿ, ಎರಡಕ್ಕೂ ಆಗುತ್ತದೆ, ಆದರೆ ಒಂದು ವಿಷಯ ಗೊತ್ತಿರಲಿ. ಈ ಲೆನ್ಸ್‌ನಲ್ಲಿ ಫೋಕಸ್ ಮಾಡುವ ಮೋಟರ್ ಇಲ್ಲ, ನಿಮ್ಮ ಡಿ5600ರಲ್ಲೂ ಇಲ್ಲ, ಹಾಗಾಗಿ ಅಪ್ಪನ ಕ್ಯಾಮೆರಾದ ಹಾಗೆ ನಿಮ್ಮದರಲ್ಲೂ ಕೈಯಲ್ಲೇ ಫೋಕಸ್ ಮಾಡಬೇಕು. ಇದರ ಬದಲು ಮೋಟರ್ ಇರುವ ಹೊಸ ಮಾದರಿ, ಅಂದರೆ 1.8ಜಿ ಲೆನ್ಸ್ ತಗೊಂಡರೆ ಡಿ5600ಕ್ಕೆ ಆಟೋಫೋಕಸ್ ಸಿಗುತ್ತದೆ, ಆದರೆ ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿಯನ್ನು ದೊಡ್ಡದು-ಚಿಕ್ಕದು ಮಾಡುವ ಬಳೆ) ಇರುವುದಿಲ್ಲ, ಅಪ್ಪನ ಕ್ಯಾಮೆರಾಗೆ ಅದು ಹೆಚ್ಚುಕಡಿಮೆ ದಂಡ.

ಫಿಲ್ಮ್‌ನಲ್ಲಿ ಇದು ಅಪ್ಪಟ 85. ಡಿ5600ರ ಸೆನ್ಸರ್ ಚಿಕ್ಕದಲ್ವಾ, ಅದರಲ್ಲಿ 127 ಎಂಎಂನಷ್ಟು ಹತ್ತಿರ ಕಾಣುತ್ತದೆ, ಚಿಕ್ಕ ರೂಮಲ್ಲಿ ಬೆನ್ನು ಗೋಡೆಗೆ ತಾಗುತ್ತದೆ! ಕಿಂಡಿ ಪೂರ್ತಿ ತೆರೆದು, ಅಂದರೆ 1.8ರಲ್ಲಿ, ತೀರಾ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಚೂಪು, ಇನ್ನೊಂದು ಮಸುಕು. ನಾನಂತೂ ಕಿಂಡಿಯನ್ನು ಸ್ವಲ್ಪ ಚಿಕ್ಕದು ಮಾಡಿ 2.8ಕ್ಕೆ ಇಳಿಸಿಕೊಳ್ಳುತ್ತೇನೆ. ಬಿಸಿಲಲ್ಲಿ ಪೂರ್ತಿ ತೆರೆದರೆ ಕಿವಿಯೋಲೆಯ ಅಂಚಲ್ಲಿ ನೇರಳೆ ಗೆರೆ ಬರಬಹುದು.

ದುಡ್ಡು ಕೊಡುವ ಮುಂಚೆ ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಸುಮ್ನೆ ವಾಪಸ್ ಬನ್ನಿ. ಅಪರ್ಚರ್ ರಿಂಗನ್ನು 16ಕ್ಕೆ (ಅತಿ ಚಿಕ್ಕ ಕಿಂಡಿ) ತಿರುಗಿಸಿ ಹಿಂದಿನ ಚಿಕ್ಕ ಕಡ್ಡಿಯನ್ನು ಎಳೆದು ಬಿಡಿ, ಕಿಂಡಿಯ ಬ್ಲೇಡ್‌ಗಳು ಟಕ್ಕಂತ ಮುಚ್ಚಬೇಕು.