ಬೂದಿದಿಬ್ಬ: ಹಬ್ಬದ ಬೆಂಕಿಯೋ, ದೊಡ್ಡಿಯ ಕಸವೋ?

ಪ್ರಶ್ನೆ: ಬಳ್ಳಾರಿ ಕಡೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ಆಚರಣೆಯ ಗುರುತು ಎಂದು ಓದಿದೆ. ಅರ್ಥವಾಗದ್ದನ್ನೆಲ್ಲ ಪುರಾತತ್ವದವರು ‘ಆಚರಣೆ’ ಅಂದುಬಿಡ್ತಾರೆ ಅಂತಾರಲ್ಲ, ಇದೂ ಹಾಗೇನಾ?

ಉತ್ತರ: ಈ ಮಾತನ್ನು ಹೇಳಿ ಪುರಾತತ್ವದವರಾದ ನಾವೇ ಒಬ್ಬರನ್ನೊಬ್ಬರು ಕೆಣಕುತ್ತಿರುತ್ತೇವೆ. ಅದರಲ್ಲಿ ಹುರುಳೂ ಇದೆ. ಬೂದಿದಿಬ್ಬದ ವಿಷಯದಲ್ಲಿ ಮಾತ್ರ ಎರಡೂ ಕಡೆ ಗಟ್ಟಿ ವಾದಗಳಿವೆ.

ಕುಡತಿನಿಯ ದಿಬ್ಬ ಹಿಡಿಂಬಾಸುರನ ಬೂದಿ, ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯ ಚಿತೆ ಎಂದು ಜನ ಹೇಳುತ್ತಾರೆ. 19ನೇ ಶತಮಾನದ ಬ್ರಿಟಿಷರು ಜ್ವಾಲಾಮುಖಿ, ಕಬ್ಬಿಣದ ಕುಲುಮೆ ಎಂದೆಲ್ಲ ಊಹಿಸಿದರು. ಇದು ಸುಟ್ಟ ಸಗಣಿ ಎಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1960ರ ಸುಮಾರಿಗೆ ವಿಜ್ಞಾನಿ ಫ್ರೆಡರಿಕ್ ಝಾಯ್ನರ್ ಅದನ್ನು ಪರೀಕ್ಷಿಸಿ ಖಚಿತಪಡಿಸಿದರು.

ಸಗಣಿ ಸರಿ, ಸುಟ್ಟಿದ್ದೇಕೆ? ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೇಲಿಗೂಟದ ಗುಳಿಗಳು ಸಿಕ್ಕವು. ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೂ ಇದ್ದವು! ಅಂದರೆ ಅದು ದನದ ದೊಡ್ಡಿ. ಅಲ್ಲಿನ ಬೆಂಕಿಯನ್ನು ಅವರು ನಮ್ಮ ಹಬ್ಬಗಳ ಬೆಂಕಿಗೆ ಹೋಲಿಸಿದರು. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದು. ಚೆಂದದ ಹೋಲಿಕೆ. ಆದರೆ ಇಂದಿನ ಹಬ್ಬವನ್ನು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಒಯ್ಯಲು ನಡುವೆ ಪುರಾವೆ ಬೇಕು, ಅಲ್ವಾ?

ಇನ್ನೊಂದು ಕಡೆ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದಿಬ್ಬದ ಪಕ್ಕದಲ್ಲೇ ಮನೆಗಳನ್ನೂ ದನ ಕಡಿಯುವ ಜಾಗವನ್ನೂ ಕಂಡರು. ಅಂದಮೇಲೆ ಸಗಣಿ ಗುಡಿಸಿ ಒಂದು ಕಡೆ ಸುರಿದು ಸುಡುವುದು ದಿನನಿತ್ಯದ ಕೆಲಸವೇ ಆಗಿರಬಹುದು. ಪೀಟರ್ ಯೋಹಾನ್ಸನ್ ಇದಕ್ಕೆ ಎದುರು ನಿಲ್ಲುತ್ತಾರೆ. ಅವರ ಪ್ರಕಾರ ದಿಬ್ಬವನ್ನು ಬೇಕೆಂದೇ ಎತ್ತರಿಸಿದ್ದಾರೆ, ಅದು ಸ್ಮಾರಕ.

ನನಗೆ ಪದರಗಳ ಸಾಕ್ಷಿಯೇ ದೊಡ್ಡದು. ಸುಡದ ಸಗಣಿ, ಮೆತ್ತನೆಯ ಬೂದಿ, ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಒಂದರ ಮೇಲೊಂದು ಬರುತ್ತವೆ. ಅಂಥ ಕಿಟ್ಟವಾಗಲು ಭಾರಿ ಶಾಖ ಬೇಕು. ಅದೇ ಜಾಗದಲ್ಲಿ ಮತ್ತೆ ಮತ್ತೆ ಆಕಸ್ಮಿಕವಾಗಿ ಬೆಂಕಿ ಬಿತ್ತು ಎಂದರೆ ನಾನಂತೂ ಒಪ್ಪುವುದಿಲ್ಲ. ಈ ಜನ ಹುರುಳಿ, ಹೆಸರು ಬೆಳೆಯುತ್ತಿದ್ದವರು. ಹೊಲಕ್ಕೆ ಗೊಬ್ಬರವಾಗುವ ಸಗಣಿಯನ್ನು ಸುಮ್ನೆ ಸುಡುತ್ತಾರಾ? ಹಾಗಂತ ಬೇಕೆಂದು ಸುಟ್ಟಿದ್ದೆಲ್ಲ ಪೂಜೆಯೂ ಅಲ್ಲ. ರೋಗಕ್ಕೆ, ಉಣ್ಣಿ-ನೊಣದ ಕಾಟಕ್ಕೆ ಹೆದರಿಯೂ ಸುಟ್ಟಿರಬಹುದು.

ಈ ಜಗಳ ಬಗೆಹರಿಯಬೇಕಾದರೆ ಬೆಂಕಿ ಹಾಕಿದ ಕಾಲ ತಿಳಿಯಬೇಕು. ಪದರಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪ್ರತಿ ಸಲವೂ ಒಂದೇ ಋತುವಿನಲ್ಲಿ ಸುಟ್ಟಿದ್ದರೆ ಆಲ್ಚಿನ್ ವಾದಕ್ಕೆ ಬಲ ಬರುತ್ತದೆ. ಸಗಣಿ ಜಾಸ್ತಿಯಾದಾಗಲೆಲ್ಲ ಸುಟ್ಟಿದ್ದರೆ ನಾನು ದೊಡ್ಡಿಯ ಕಸದ ಪಕ್ಷ.