ಬಾಟಲಿಯ ಪುಡಿ ಮೂಳೆ ಆಗುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಕೆಳಗಿನ ದವಡೆ ಹಲ್ಲು ಕೀಳಿಸಿ ಎರಡು ವರ್ಷ ಆಯಿತು. ಈಗ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸೋಣ ಅಂದರೆ, ಮೂಳೆ ಸವೆದಿದೆ, ಬೋನ್ ಗ್ರಾಫ್ಟ್ ಮಾಡಿ ಸವೆದ ಜಾಗ ತುಂಬಬೇಕು ಎನ್ನುತ್ತಾರೆ ಡಾಕ್ಟರು. ಚಿಕ್ಕ ಬಾಟಲಿಯಲ್ಲಿ ಬಿಳಿ ಪುಡಿ ತೋರಿಸಿದರು. ನಾವು ಸಸ್ಯಾಹಾರಿಗಳು. ಅದು ದನದ ಮೂಳೆಯೇ? ಪುಡಿ ಮೂಳೆಯಾಗುವುದು ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪುಡಿ ಮೂಳೆಯಾಗುವುದಿಲ್ಲ. ಹಾಗಲಬಳ್ಳಿಗೆ ಚಪ್ಪರ ಹಾಕುತ್ತೀರಲ್ವಾ, ಅದರ ಕೆಲಸ ಅಷ್ಟೇ. ಬೆಳೆಯುವುದು ನಿಮ್ಮ ಯಜಮಾನರದ್ದೇ ಮೂಳೆ. ಪುಡಿಯ ಹರಳಿನ ಸಂದಿಯಲ್ಲಿ ಹೊಸ ರಕ್ತನಾಳಗಳು ತೂರಿ ಬರಬೇಕು. ಅವುಗಳ ಜೊತೆಗೇ ಮೂಳೆ ಕಟ್ಟುವ ಜೀವಕೋಶಗಳು ಬರುತ್ತವೆ.

ಅದಕ್ಕೇ ಪುಡಿಯನ್ನು ಹದ ಮಾಡುವ ಆ ಸ್ವಲ್ಪ ಹೊತ್ತು ನನಗೆ ಬಹಳ ಮುಖ್ಯ. ಹರಳು ಹೆಚ್ಚುಕಮ್ಮಿ ಉಪ್ಪಿಟ್ಟಿನ ರವೆಯಷ್ಟಿರುತ್ತದೆ. ರೋಗಿಯ ತೋಳಿನಿಂದ 10 ಮಿ.ಲೀ. ರಕ್ತ ತೆಗೆದು, ಏನೂ ಬೆರೆಸದೆ, ತಕ್ಷಣ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇನೆ. ಕೆಂಪು ತಳಕ್ಕೆ ಇಳಿದು, ಅದರ ಮೇಲೆ ಹಳದಿ ಬಣ್ಣದ ಲೋಳೆಯಂಥ ಗಡ್ಡೆ ನಿಲ್ಲುತ್ತದೆ. ನಾವು ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್, ಅಂದರೆ ಪ್ಲೇಟ್‌ಲೆಟ್ ಕಣಗಳು ತುಂಬಿದ ರಕ್ತದ ಹೆಪ್ಪು) ಎನ್ನುವುದು ಅದನ್ನೇ. ಸಣ್ಣಗೆ ಕತ್ತರಿಸಿ, ಸ್ಟೀಲ್ ಬಟ್ಟಲಲ್ಲಿರುವ ಹರಳಿಗೆ ಸೇರಿಸಿದರೆ ಉದುರುದುರಾಗಿದ್ದ ರವೆ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ದವಡೆಯ ಮೂಳೆಗೂ ಅಲ್ಲಲ್ಲಿ ಪುಟ್ಟ ತೂತು ಕೊರೆಯುತ್ತೇನೆ, ಒಳಗಿನ ರಕ್ತ ಜಿನುಗಿ ಹರಳಿಗೆ ಸಿಗಲಿ ಅಂತ.

ತುಂಬುವಾಗ ಮಾತ್ರ ಅದುಮಬಾರದು. ಹೊಸದರಲ್ಲಿ ನಾನು ಹಾಗೆ ಮಾಡಿದ್ದೆ. ಜಾಸ್ತಿ ತುಂಬಿದರೆ ಜಾಸ್ತಿ ಮೂಳೆ ಬರುತ್ತದೆ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಒಸಡು ಬಿಡಿಸಿದರೆ ಹರಳು ಹಾಗೇ ಇತ್ತು, ಕೆರೆದರೆ ಮರಳಿನಂತೆ ಉದುರಿತು. ಪಾಪ, ಅವರಿಗೆ ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು.

ಇನ್ನು ದನದ ಮೂಳೆಯ ವಿಷಯ. ಕೆಲವು ಬಾಟಲಿಗಳಲ್ಲಿ ಇರುವುದು ಅದೇ. ಪ್ರೋಟೀನ್, ಕೊಬ್ಬು ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ಒಳ್ಳೆಯ ಪದಾರ್ಥವೇ, ಆದರೆ ನಿಮ್ಮ ಮನಸ್ಸು ಒಪ್ಪದಿದ್ದರೆ ಬೇಡ ಎಂದು ಧಾರಾಳವಾಗಿ ಹೇಳಿ. ಪ್ರಾಣಿಮೂಲವಿಲ್ಲದೆ ತಯಾರಿಸಿದ ಹರಳೂ ಸಿಗುತ್ತದೆ: ಹೈಡ್ರಾಕ್ಸಿಅಪಟೈಟ್ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಎರಡು ಕ್ಯಾಲ್ಸಿಯಂ ಖನಿಜಗಳನ್ನು 60:40ರಂತೆ ಬೆರೆಸಿದ್ದು. ಮೊದಲನೆಯದು ಬಹುಕಾಲ ನಿಂತು ಜಾಗ ಹಿಡಿದಿಡುತ್ತದೆ. ಎರಡನೆಯದು ಬೇಗ ಕರಗಿ ಹೊಸ ಮೂಳೆಗೆ ದಾರಿ ಬಿಡುತ್ತದೆ.

ಪುಡಿಯ ಮೇಲೆ ಹೊದಿಸುವ ಪೊರೆಯ ಬಗ್ಗೆಯೂ ಕೇಳಿ. ಅದು ಹೆಚ್ಚಾಗಿ ಹಂದಿ ಅಥವಾ ದನದ ಕೊಲಾಜನ್ ಎಂಬ ಪ್ರೋಟೀನ್. ಅದರ ಬದಲು ಟೆಫ್ಲಾನ್ ಜಾತಿಯ ಪೊರೆ ಇದೆ, ಅದನ್ನು ಆಮೇಲೆ ತೆಗೆಸಬೇಕಾಗುತ್ತದೆ.

ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯಾ, ಬೀಡಿ ಸಿಗರೇಟು ಸೇದುತ್ತಾರಾ, ನೀವು ಬರೆದಿಲ್ಲ. ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ, ಎರಡೂ ಮೂಳೆ ಕೂಡುವುದನ್ನು ತಡಮಾಡುತ್ತವೆ. ಹೊಲಿಗೆ ಬಿಚ್ಚುವ ತನಕ ಆ ಕಡೆ ಅಗಿಯುವುದು ಬೇಡ. ಸುಮ್ನೆ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವುದೂ ಬೇಡ.