ಬಿದ್ದ ಸೆನ್ಸರ್ ಬಿಸಾಕ್ಬೇಡಿ, ತಗೊಂಡ್ ಬನ್ನಿ

ಈ ಕೇಸು ಬರೀಬೇಕು ಅನ್ಸಿದ್ದು ಯಾಕಂದ್ರೆ ಇದೇ ಕಂಪ್ಲೇಂಟು ಬೇರೆ ಬೇರೆ ಮನೆಯಿಂದ ನನ್ ಹತ್ರ ಬರ್ತಾನೇ ಇದೆ. "ಮೇಡಂ, ತೋಳಿಗೆ ಹಾಕೋ ಶುಗರ್ ಸೆನ್ಸರ್ ನಿಲ್ತಾನೇ ಇಲ್ಲ, 14 ದಿನ ಬರ್ಬೇಕಾದ್ದು ನಾಲ್ಕೈದು ದಿನಕ್ಕೇ ಬಿದ್ದೋಗುತ್ತೆ, ಯಾವ ಟೇಪು ಒಳ್ಳೇದು ಹೇಳಿ." ತೋಳಿಗೆ ಅಂಟಿಸೋ ಸಣ್ಣ ಬಿಲ್ಲೆ ಇದು, ಶುಗರ್ ನಂಬರನ್ನ ಹಾಕ್ಕೊಂಡವ್ರ ಫೋನಿಗೂ, ಶೇರಿಂಗ್ ಆನ್ ಇದ್ರೆ ಮನೆಯವ್ರ ಫೋನಿಗೂ ಕಳ್ಸ್ತಾ ಇರುತ್ತೆ. ಒಂದೊಂದಕ್ಕೆ ನಾಲ್ಕೈದು ಸಾವಿರ ಕೊಟ್ಟು ತಂದಿರ್ತಾರೆ, ಹೊಟ್ಟೆ ಉರಿಯೋದು ಸಹಜಾನೇ. ಟೇಪಿನ ಬಗ್ಗೆ ನಾನೂ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಬಿದ್ದ ಸೆನ್ಸರ್ ತಗೊಂಡ್ ಬನ್ನಿ ಅಂತೀನಿ. ಜನಕ್ಕೆ ವಿಚಿತ್ರ ಅನ್ಸುತ್ತೆ.

ಹುಡುಗಿಗೆ 19, ಟೈಪ್ 1 ಡಯಾಬಿಟಿಸ್, ಹೈಸ್ಕೂಲಿಂದ ಇನ್ಸುಲಿನ್ ಮೇಲಿದ್ದಾಳೆ. ಮನೆ ಮುಂಬಯಿ ಹತ್ರದ ಡೊಂಬಿವಲಿ, ಕಾಲೇಜು ಮುಂಬಯಿ ಒಳಗೆ ದಾದರ್ ಕಡೆ, ಅಪ್ಪ ಹೋಟೆಲ್ ಲೈನಲ್ಲಿದಾರೆ, ಮೂಲ ಕುಂದಾಪುರ ಕಡೆ. ಗುರುತು ಸಿಗಬಾರದು ಅಂತ ಒಂದೆರಡು ವಿಷ್ಯ ಬದಲಿಸಿದೀನಿ, ಇಷ್ಟು ಸಾಕು. ಮುಖ್ಯ ಏನಂದ್ರೆ ಅವ್ಳು ಕಾಲೇಜ್ ಟೀಮಲ್ಲಿ ಕಬಡ್ಡಿ ಆಡ್ತಾಳೆ, ರೈಡರ್. ಡಾಕ್ಟ್ರು ನನ್ ಹತ್ರ ಕಳ್ಸಿದ್ದು "ಸೆನ್ಸರ್ ಮೇಲಿಂದ ಮೇಲೆ ಬೀಳ್ತಿದೆ, ಮನೇಲಿ ಟೆನ್ಷನ್" ಅಂತ ಚೀಟಿ ಬರೆದು.

ಕಬಡ್ಡಿ ಅಂದ ತಕ್ಷಣ ಎಲ್ರೂ ಆಟದ ಮೇಲೇ ತಪ್ಪು ಹಾಕ್ತಾರೆ, ಅಪ್ಪನೂ ಅದನ್ನೇ ಮಾಡಿದ್ರು. ನನ್ ಅನುಭವದಲ್ಲಿ ಆಟಕ್ಕಿಂತ ಹೆಚ್ಚು ಸೆನ್ಸರ್ ಕೀಳೋದು ಬ್ಯಾಗು, ಬಾಗಿಲ ಚೌಕಟ್ಟು, ಟವೆಲ್ಲು, ಆಮೇಲೆ ಟೀ ಶರ್ಟ್ ತೆಗೆಯೋ ಅವಸರ. ಲೋಕಲ್ ಟ್ರೇನ್ ರಶ್ಶಲ್ಲಿ ಬ್ಯಾಗ್ ಎದೆ ಮೇಲೆ ಹಾಕ್ಕೊಂಡಿರ್ತೀವಲ್ಲ, ಇಳಿಯೋಕೆ ಮುಂಚೆ ಅದನ್ನ ಒಂದೇ ಏಟಿಗೆ ಎಳೆದು ತೆಗೆದ್ರೆ ಪಟ್ಟಿ ತೋಳಿನ ಉದ್ದಕ್ಕೂ ಉಜ್ಕೊಂಡು ಬಂದು ಸೆನ್ಸರಿನ ಅಂಚಿಗೆ ಸಿಕ್ಕಾಕ್ಕೊಳ್ಳುತ್ತೆ. ಅದಕ್ಕೆ ನಾನು ಹೇಳೋದು, ಸೆನ್ಸರ್ ಇಲ್ಲದ ಕೈಯಿಂದ ಮೊದಲು ಪಟ್ಟಿ ಬಿಡಿಸಿ, ಆಮೇಲೆ ಇನ್ನೊಂದು ಪಟ್ಟೀನ ಬೆರಳಲ್ಲಿ ಎತ್ತಿ ಹಿಡಿದು ಸೆನ್ಸರ್ ದಾಟಿಸಿ. ಟೀ ಶರ್ಟಿಗೂ ಇದೇ ಕ್ರಮ. ಇನ್ನೊಂದು ಪ್ರಶ್ನೆ ನಾನು ತಾಯಂದ್ರಿಗೆ ಕೇಳ್ತೀನಿ, ಭಾನುವಾರ ಎಣ್ಣೆ ಸ್ನಾನ ಇದೆಯಾ ಅಂತ. ನಮ್ಮೋರ ಮನೇಲಿ ಇದ್ದೇ ಇರುತ್ತೆ, ಮೈಗೆ ಕೊಬ್ರಿ ಎಣ್ಣೆ ತಿಕ್ಕಿಸ್ಕೊಂಡು ಸೋಪು ಸರಿಯಾಗಿ ಹಾಕದೇ ಎದ್ದು ಬಂದು ಅದೇ ದಿನ ಹೊಸ ಸೆನ್ಸರ್ ಒತ್ತಿದ್ರೆ ಯಾವ ದೇಶದ ಅಂಟೂ ಹಿಡಿಯಲ್ಲ. ಪೌಡರು, ಬಾಡಿ ಲೋಷನ್ನು ಕೂಡ ಹಾಗೇ. ಸಾದಾ ಸೋಪಲ್ಲಿ ತೊಳೆದು, ಒರೆಸಿ, ಸ್ಪಿರಿಟ್ ಸ್ವಾಬ್ ಹಚ್ಚಿ, ಅದು ತಾನಾಗೇ ಒಣಗೋವರೆಗೂ ಸುಮ್ನೆ ನಿಂತ್ಕೋಬೇಕು, ಬಾಯಲ್ಲಿ ಊದಬಾರ್ದು. ಹಾಕಿದ ಮೇಲೆ ಸ್ವಲ್ಪ ಹೊತ್ತು ಅಂಗೈಯಿಂದ ಅಂಚನ್ನ ಒತ್ತಿ ಹಿಡೀಬೇಕು. ಬೆವರಿದ ಮೈಗೆ ಹಾಕೋದಂತೂ ಬೇಡವೇ ಬೇಡ, ಮುಂಬಯಿಲಿ ಅಕ್ಟೋಬರ್ ಸೆಕೆ ಗೊತ್ತಲ್ಲ.

ಇದೆಲ್ಲಾ ಅವ್ಳಿಗೆ ಹೇಳೋಕೆ ಶುರು ಮಾಡಿದ್ರೆ ಎಲ್ಲಾ ಗೊತ್ತಿತ್ತು ಅವ್ಳಿಗೆ. ನನಗಿಂತ ಚೆನ್ನಾಗೇ ಗೊತ್ತಿತ್ತು. ಮೇಲಿಂದ ಅಂಟಿಸೋ ಪ್ಯಾಚಿನ ಮೂಲೆ ಚೌಕ ಇದ್ರೆ ಏಳುತ್ತೆ ಅಂತ ಕತ್ತರಿಲಿ ದುಂಡಗೆ ಮಾಡ್ಕೊಳ್ತಿದ್ಳು, ಸೆನ್ಸರ್ ಮಧ್ಯದ ಸಣ್ಣ ತೂತು ಮುಚ್ಚಬಾರ್ದು ಅಂತ ಅಲ್ಲಿ ಬಿಟ್ಟು ಅಂಟಿಸ್ತಿದ್ಳು. ಇಷ್ಟು ನೀಟಾಗಿ ಮಾಡೋಳದ್ದು ಯಾಕೆ ಬೀಳುತ್ತೆ?

ಮುಂದಿನ ಸಲ ಅಪ್ಪ ಮಗಳು ಇಬ್ರೂ ಬಂದ್ರು, ಹೇಳಿದ್ ಹಾಗೆ ಹಳೇ ಸೆನ್ಸರ್ ಸಣ್ಣ ಸ್ಟೀಲ್ ಡಬ್ಬೀಲಿ ಹಾಕ್ಕೊಂಡು. ನಾನು ತೆಗೆದು ಬೆಳಕಿಗೆ ಹಿಡಿದೆ. ಬೆವರಿಗೆ ಬಿದ್ದಿದ್ರೆ ಅಂಚಿನ ಅಂಟು ಬೆಳ್ಳಗೆ ಉಬ್ಬಿ ಸುತ್ತಲೂ ಕೊಳೆ ಹಿಡ್ಕೊಂಡಿರುತ್ತೆ. ಏಟಿಗೆ ಕಿತ್ತು ಬಂದಿದ್ರೆ ಒಂದು ಕಡೆ ಹರಿದಿರುತ್ತೆ, ಚರ್ಮದೊಳಗೆ ಇರೋ ಆ ಅರ್ಧ ಸೆಂಟಿಮೀಟರಿನ ಎಳೆ ಡೊಂಕಾಗಿರುತ್ತೆ. ಇದ್ರಲ್ಲಿ ಅದ್ಯಾವುದೂ ಇರಲಿಲ್ಲ. ಎಳೆ ನೆಟ್ಟಗಿತ್ತು. ಪ್ಯಾಚು ಒಂದೇ ಕಡೆಯಿಂದ ಶುರುವಾಗಿ ಪೂರ್ತಿ ಸುರುಳಿ ಸುತ್ಕೊಂಡಿತ್ತು, ಹೊಸ ಪಾತ್ರೆ ಮೇಲಿನ ಬೆಲೆ ಚೀಟೀನ ಉಗುರಲ್ಲಿ ತಾಳ್ಮೆಯಿಂದ ಎಬ್ಬಿಸಿದ ಹಾಗೆ. ನಾನು ಏನೂ ಹೇಳ್ಲಿಲ್ಲ, ಟೇಬಲ್ ಮೇಲೆ ಇಟ್ಟೆ.

ಅಪ್ಪ ಶುರು ಮಾಡಿದ್ರು. "ಈ ಟೇಪೇ ಸರಿ ಇಲ್ಲ ಮೇಡಂ. ನನ್ನ ತಮ್ಮ ದುಬೈಲಿ ಇದ್ದಾನೆ, ಅಲ್ಲಿ ಸ್ವಿಮ್ಮಿಂಗ್ ಮಾಡುವವ್ರಿಗೆ ಅಂತ ಬೇರೆ ಟೇಪ್ ಉಂಟಂತೆ, ತರಿಸೂದಾ?"

ಮಗಳು ತಲೆ ಎತ್ತಲಿಲ್ಲ. "ಟೇಪ್ ಚೆನ್ನಾಗೇ ಇದೆ ಪಪ್ಪ. ಕೀಳೋಕೆ ನಂಗೆ ಹತ್ತು ನಿಮಿಷ ಬೇಕಾಯ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಅಪ್ಪ ಬೈತಾರೆ ಅಂದ್ಕೊಂಡ್ರೆ ಬೈಲಿಲ್ಲ, ಫೋನ್ ತೆಗೆದು ಆಪ್ ಓಪನ್ ಮಾಡಿ ನನ್ ಮುಂದೆ ಹಿಡಿದ್ರು. "ನೋಡಿ ಮೇಡಂ, ಆ ದಿನ 61 ತೋರಿಸ್ತಾ ಉಂಟು. 61! ನಾನು ಗಲ್ಲೆ ಮೇಲೆ ಕೂತಿದ್ದೆ, ಕೈಕಾಲು ತಣ್ಣಗಾಯ್ತು. ಫೋನ್ ಮಾಡಿದ್ರೆ ಎತ್ತೂದಿಲ್ಲ. ಎಂತ ಮಾಡೂದು ನಾನು, ಒಬ್ಬಳೇ ಮಗಳು."

"ಆಗ ನಾನು ಟ್ರೇನಲ್ಲಿ ಠಾಣೆ ಊರು ದಾಟಿದ್ದೆ ಪಪ್ಪ. ಲೇಡೀಸ್ ಡಬ್ಬೀಲಿ ಪಾರ್ಟಿಷನ್ನಿಗೆ ಒತ್ಕೊಂಡು ನಿಂತಿದ್ದೆ, ಕೈ ಅಲ್ಲಾಡ್ಸೋಕೂ ಜಾಗ ಇರ್ಲಿಲ್ಲ. ದಾದರಲ್ಲಿ ಇಳಿದು ಬೆರಳು ಚುಚ್ಚಿ ನೋಡಿದ್ರೆ 104. ಅಷ್ಟೊತ್ತಿಗೆ ನೀವು ಕಾಲೇಜ್ ಆಫೀಸಿಗೆ, ಸರ್‌ಗೆ, ನನ್ ಫ್ರೆಂಡಿಗೆ ಎಲ್ರಿಗೂ ಫೋನ್ ಮಾಡಿ ಆಗಿತ್ತು. ಆ ವಾರ ಮ್ಯಾಚಲ್ಲಿ ಸರ್ ನನ್ನ ಹೊರಗೆ ಕೂರ್ಸಿದ್ರು." ಆಮೇಲೆ ನನ್ ಕಡೆ ತಿರುಗಿ, "ಇದು ತೋಳ ಮೇಲೆ ಇಲ್ದಿದ್ ದಿನ ಯಾರೂ ಫೋನ್ ಮಾಡಲ್ಲ ಮೇಡಂ. ಆ ದಿನ ನಂಗೆ ರಜಾ."

ಶುಗರ್ 70ಕ್ಕಿಂತ ಕೆಳಗಿಳಿದ್ರೆ ಅದನ್ನ ಲೋ ಅಂತೀವಿ, ಆದ್ರೆ ಆ 61 ಸುಳ್ಳು ನಂಬರು. ಸೆನ್ಸರ್ ರಕ್ತದಲ್ಲಿರೋ ಶುಗರ್ ನೋಡಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವಿನ ನೀರಲ್ಲಿರೋ ಶುಗರ್ ನೋಡುತ್ತೆ. ಅದರ ಮೇಲೆ ತುಂಬಾ ಹೊತ್ತು ಒತ್ತಡ ಬಿದ್ರೆ ಆ ಜಾಗಕ್ಕೆ ರಕ್ತ ಸರಿಯಾಗಿ ಬರಲ್ಲ, ನಂಬರು ಇದ್ದಕ್ಕಿದ್ದಂತೆ ಕುಸಿಯುತ್ತೆ, ಒತ್ತಡ ತೆಗೆದ್ರೆ ಮತ್ತೆ ಮೇಲೇರುತ್ತೆ. ಇದನ್ನ ಕಂಪ್ರೆಷನ್ ಲೋ ಅಂತಾರೆ. ಸಾಮಾನ್ಯವಾಗಿ ರಾತ್ರಿ ಆ ಮಗ್ಗುಲಿಗೆ ಮಲಗಿದಾಗ ಆಗೋದು, ಡೊಂಬಿವಲಿ ಫಾಸ್ಟಲ್ಲಿ ನಿಂತ್ಕೊಂಡೇ ಆಗುತ್ತೆ ಅಷ್ಟೇ ವ್ಯತ್ಯಾಸ. ಅಪ್ಪನಿಗೆ ಗ್ರಾಫಲ್ಲೇ ತೋರಿಸ್ದೆ, ನೋಡಿ ಇಲ್ಲಿ ಬಾವಿ ತರ ಸೀದಾ ಇಳಿದು ಸೀದಾ ಮೇಲೆ ಬಂದಿದೆ, ನಿಜವಾದ ಲೋ ಹೀಗೆ ಏನೂ ತಿನ್ನದೇ ಸರ್ರನೆ ವಾಪಸ್ ಬರೋದು ಕಮ್ಮಿ ಅಂತ. ಅವ್ರು ಬಹಳ ಹೊತ್ತು ಆ ಗೆರೆ ನೋಡ್ತಾ ಕೂತ್ರು.

ಈಗ ನಾನು ಕೊಟ್ಟ ಸಲಹೆ, ಅದಕ್ಕೆ ನನ್ ಜೊತೆ ಕೆಲ್ಸ ಮಾಡೋರೇ ಒಂದಿಬ್ರು ಮುಖ ಸಿಂಡರಿಸಿದ್ದೂ ಹೌದು. ಅಪ್ಪನ ಫೋನಲ್ಲಿ ಹೈ ಅಲಾರ್ಮ್ ಆಫ್. ಲೋ ಅಲಾರ್ಮ್ ಮಾತ್ರ ಇರ್ಲಿ. ಹಗಲಲ್ಲಿ ಅದು ಕೂಗಿದ್ರೆ 15 ನಿಮಿಷ ಅವ್ರು ಸುಮ್ನಿರ್ಬೇಕು, ಅಷ್ಟರಲ್ಲಿ ಮಗಳು ಬೆರಳು ಚುಚ್ಚಿ ನೋಡಿ ಇಲ್ಲಾ ಗ್ಲೂಕೋಸ್ ತಗೊಂಡು "ಓಕೆ" ಅಂತ ಒಂದು ಮೆಸೇಜ್ ಹಾಕ್ಬೇಕು. ಬರ್ಲಿಲ್ವಾ, ಮೊದಲು ಅವ್ಳಿಗೆ ಫೋನು, ಎತ್ತಲಿಲ್ಲ ಅಂದ್ರೆ ಜೊತೆಗಿರೋ ಒಬ್ಳು ಫ್ರೆಂಡಿಗೆ. ಕೋಚಿಗೆ ಅಪ್ಪ ಫೋನ್ ಮಾಡೋ ಹಾಗಿಲ್ಲ, ಕೋಚಿಗೆ ಏನು ಹೇಳ್ಬೇಕೋ ಅದನ್ನ ಅವ್ಳೇ ಹೇಳ್ತಾಳೆ, ಗ್ಲೂಕೋಸ್ ಬ್ಯಾಗಿನ ಯಾವ ಜೇಬಲ್ಲಿದೆ ಅನ್ನೋದೂ ಸೇರಿ. ರಾತ್ರಿ ಮಾತ್ರ ಏನೂ ಬದಲಾಗಲ್ಲ, ಅಲಾರ್ಮ್ ಹೊಡೆದ್ರೆ ಅಪ್ಪ ಅಮ್ಮ ಎದ್ದು ಹೋಗಿ ನೋಡ್ಲಿ. ಮಗಳ ಕಡೆಯಿಂದ ಒಂದೇ ಶರತ್ತು, ಸೆನ್ಸರ್ ಕೀಳಬಾರ್ದು, ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಶೇರಿಂಗ್ ಆಫ್ ಮಾಡಿ ಮನೆಗೆ ಹೇಳಿ ಆಫ್ ಮಾಡ್ಲಿ.

ಡಾಕ್ಟ್ರು ಒಪ್ಪಿದ್ ಮೇಲೇ ಹೇಳಿದ್ದು ಇದು. ಆದ್ರೂ ಮುಖ ಸಿಂಡರಿಸಿದೋರು "15 ನಿಮಿಷದಲ್ಲಿ ಏನಾದ್ರೂ ಆದ್ರೆ ನೀವು ಜವಾಬ್ದಾರಿ ತಗೋತೀರಾ" ಅಂತ ಕೇಳಿದ್ರು. ನನ್ ಲೆಕ್ಕ ಸಿಂಪಲ್. ಅಲಾರ್ಮ್ ಇಟ್ಟಿರೋದು 70ಕ್ಕೆ, ಅದು ಎಚ್ಚರಿಕೆ ಗಂಟೆ, ಅಲ್ಲೇ ಜ್ಞಾನ ತಪ್ಪಲ್ಲ, ಮತ್ತೆ ಅದು ಮೊದಲು ಕೂಗೋದು ಅವಳ ಫೋನಲ್ಲೇ. ಅವ್ಳಿಗೆ ಲೋ ಆದ್ರೆ ಕೈ ನಡುಗುತ್ತೆ, ಬೆವರು ಬರುತ್ತೆ, ಗೊತ್ತಾಗುತ್ತೆ. ಇಷ್ಟು ವರ್ಷ ತಾನೇ ಸೂಜಿ ಚುಚ್ಕೊಂಡು ಬಂದಿರೋ ಹುಡುಗಿ. ಲೋ ಆದ್ರೂ ಗೊತ್ತಾಗದೇ ಇರೋರು ಕೆಲವರಿರ್ತಾರೆ, ಅವ್ರಿಗೂ ಸಣ್ಣ ಮಕ್ಕಳಿಗೂ ನಾನು ಈ ಮಾತು ಖಂಡಿತ ಹೇಳಲ್ಲ, ದಯವಿಟ್ಟು ಇದನ್ನ ಓದಿ ಅವ್ರ ಅಲಾರ್ಮ್ ಮುಟ್ಟಬೇಡಿ. ಆದ್ರೆ ಈ ಮನೇಲಿ ಇದ್ದ ಆಯ್ಕೆ ಏನು? ಕಾವಲು ಕಮ್ಮಿ ಮಾಡಿದ್ರೆ ಸೆನ್ಸರ್ ತೋಳಲ್ಲಿ ಇರುತ್ತೆ, ಕಾವಲು ಜಾಸ್ತಿ ಆದ್ರೆ ಅದು ಡಸ್ಟ್‌ಬಿನ್ನಲ್ಲಿ ಇರುತ್ತೆ. ಡಸ್ಟ್‌ಬಿನ್ನಲ್ಲಿರೋ ಸೆನ್ಸರ್ ಯಾವ ಅಪ್ಪನಿಗೂ ನಂಬರ್ ಕಳ್ಸಲ್ಲ.

ಜಾಗದ ವಿಷ್ಯಾನೂ ಮಾತಾಡಿದ್ವಿ, ಅದು ಅರ್ಧ ಗಂಟೆ ಹಿಡೀತು. ಅವ್ಳು ಬಲ ಮಗ್ಗುಲಿಗೆ ಮಲಗ್ತಾಳೆ, ರೈಡಲ್ಲಿ ಮುಂದೆ ಚಾಚೋದೂ ಬಲಗೈ, ಹಾಗಾಗಿ ಎಡ ತೋಳು. ತೋಳಿನ ಹಿಂಭಾಗದ ಮೆತ್ತಗಿನ ಜಾಗ, ಹೊರಗಡೆ ಪಕ್ಕಕ್ಕೆ ಬರಬಾರ್ದು, ಬಾಗಿಲಿಗೆ ತಾಗೋದು ಅಲ್ಲೇ. ಪ್ರತಿ ಸಲ ಒಂದೇ ಚುಕ್ಕೆ ಮೇಲೆ ಹಾಕ್ದೆ ಸ್ವಲ್ಪ ಸ್ವಲ್ಪ ಸರಿಸ್ತಾ ಹೋಗ್ಬೇಕು, ಗಾಯದ ಕಲೆ, ಮಚ್ಚೆ ಇರೋ ಕಡೆ ಬೇಡ, ಇನ್ಸುಲಿನ್ ತಗೊಳೋ ಜಾಗದಿಂದ ಕನಿಷ್ಠ ಒಂದು ಇಂಚು ದೂರ. ತೊಡೆಗೆ ಹಾಕ್ಲಾ ಅಂತ ಕೇಳಿದ್ಳು, ಅವ್ಳು ಹಾಕೋ ಸೆನ್ಸರಿಗೆ ಕಂಪನಿ ಹೇಳಿರೋ ಜಾಗ ತೋಳು ಮಾತ್ರ, ಅದೂ ಅಲ್ದೆ ಕಬಡ್ಡೀಲಿ ಮೊದಲು ಹಿಡಿಯೋದೇ ತೊಡೆ, ಬೇಡ ಅಂದೆ. ಹೊಸದನ್ನ ಪ್ರಾಕ್ಟೀಸ್ ಇಲ್ಲದ ದಿನ ಸಂಜೆ ಹಾಕೋದು, ಮೊದಲ ದಿನ ನಂಬರ್ ಸ್ವಲ್ಪ ಆಚೆ ಈಚೆ ಇರುತ್ತೆ, ಮ್ಯಾಚ್ ಬೆಳಗ್ಗೆ ಹೊಸ ಸೆನ್ಸರ್ ನಂಬೋದು ತಲೆನೋವು. ಪ್ರಾಕ್ಟೀಸಲ್ಲಿ ಮೇಲಿಂದ ಒಂದು ಎಲಾಸ್ಟಿಕ್ ಸ್ಲೀವು, ಗುರುತು ಬೀಳೋ ಅಷ್ಟು ಬಿಗಿ ಬೇಡ, ಬಿಗಿ ಆದ್ರೆ ಮತ್ತೆ ಅದೇ ಸುಳ್ಳು ಲೋ. ಮ್ಯಾಚಿಗೆ ಮುಂಚೆ ಸೆನ್ಸರ್ ಹಾಕ್ಕೊಂಡು ಆಡ್ಬಹುದಾ ಅಂತ ರೆಫರಿ ಹತ್ರ ಕೇಳ್ಕೋಬೇಕು, ಬೇಡ ಅಂದ್ರೆ ಜಗಳ ಆಡೋದಲ್ಲ, ಹಾಫ್ ಟೈಮಲ್ಲಿ ಬೆರಳು ಚುಚ್ಚೋದು.

ಮುಂದಿನ ತಿಂಗಳು ಒಂದು ನಿಜವಾಗ್ಲೂ ಬಿತ್ತು, ಟ್ಯಾಕಲ್ಲಲ್ಲಿ. ಅಪ್ಪ ನಂಗೆ ವಾಟ್ಸಾಪಲ್ಲಿ ಫೋಟೋ ಕಳ್ಸಿ "ಇದು ಬಿದ್ದದ್ದಾ ಕಿತ್ತದ್ದಾ ನೋಡಿ ಹೇಳಿ ಮೇಡಂ" ಅಂದ್ರು. ನೋಡಿದ್ರೆ ಹೇಳ್ಬಹುದಿತ್ತು, ಹೇಳ್ಲಿಲ್ಲ. ಮಗಳನ್ನೇ ಕೇಳಿ, ಅವ್ಳು ಹೇಳಿದ್ದನ್ನ ನಂಬಿ ಅಂತ ಬರೆದೆ. ಅವ್ರಿಗೆ ಕೋಪ ಬಂತು ಅನ್ಸುತ್ತೆ, ಆಮೇಲಿಂದ ಫಾಲೋಅಪ್ಪಿಗೆ ಅಮ್ಮಾನೇ ಬರ್ತಿರೋದು.

ಇದೇ ತರ ಮನೆಗಳಲ್ಲಿ ನಾನು ಇನ್ನೆರಡು ವಿಷ್ಯ ಹೇಳ್ತಿರ್ತೀನಿ. ಸೆನ್ಸರ್ ಜಾಗ ಕೆಂಪಾಗಿ ನವೆ ಬರ್ತಿದ್ರೆ ಇನ್ನೊಂದು ಟೇಪ್ ಮೇಲೆ ಹಾಕಿ ಮುಚ್ಚಬೇಡಿ, ಕೆಲವರಿಗೆ ಅಂಟಿನ ರಾಸಾಯನಿಕಕ್ಕೇ ಅಲರ್ಜಿ ಇರುತ್ತೆ, ಚರ್ಮದ ಡಾಕ್ಟ್ರಿಗೆ ತೋರ್ಸಿ. ಅವಧಿ ಮುಗಿದ ಮೇಲೆ ತೆಗೆಯೋವಾಗ ಎಳೀಬೇಡಿ, ಅಂಚಿಗೆ ಕೊಬ್ರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಎಣ್ಣೆ ಕೆಲ್ಸಕ್ಕೆ ಬರೋದು ಆಗ.

ಅಮ್ಮನ ಪ್ರಶ್ನೆ ಬೇರೇನೇ ಇತ್ತು. ಲೋ ಆದ್ರೆ ಇರ್ಲಿ ಅಂತ ಅವ್ರು ಬ್ಯಾಗಿಗೆ ಲೋನಾವಳಾ ಚಿಕ್ಕಿ ಹಾಕಿ ಕಳಿಸ್ತಿದ್ರು. ಶೇಂಗಾದಲ್ಲಿ ಎಣ್ಣೆ ಅಂಶ ಇರುತ್ತಲ್ಲ, ಅದ್ರಿಂದ ಬೆಲ್ಲ ರಕ್ತಕ್ಕೆ ಸೇರೋದು ನಿಧಾನ ಆಗುತ್ತೆ, ಲೋ ಆದಾಗ ಬೇಕಾಗಿರೋದು ಬೇಗ ಏರೋದು. 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲಾ ಮೂರು ಟೀ ಚಮಚ ಸಕ್ಕರೆ ನೀರಲ್ಲಿ, 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡೋದು. ಸೆನ್ಸರ್ ಆಗ ಇನ್ನೂ ಕಮ್ಮೀನೇ ತೋರಿಸ್ತಿರಬಹುದು, ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತೆ, ಅದನ್ನ ನೋಡಿ ಗಾಬರಿಯಾಗಿ ಮತ್ತೆ ಮತ್ತೆ ತಿಂದ್ರೆ ಆಮೇಲೆ 300ಕ್ಕೆ ಹೋಗಿ ಕೂರುತ್ತೆ. ಆಡಿ ಬಂದ ರಾತ್ರಿ ಶುಗರ್ ತಡವಾಗಿಯೂ ಇಳೀಬಹುದು, ಮಲಗೋ ಮುಂಚೆ ಒಮ್ಮೆ ನೋಡ್ಲಿ ಅಂದೆ. "ಹಾಗಾದ್ರೆ ಚಿಕ್ಕಿ ಕಳಿಸೂದೇ ಬೇಡ್ವಾ?" ಅಂತ ಕೇಳಿದ್ರು. ಕಳ್ಸಿ, ಟೀಮಿಗೆಲ್ಲಾ ಆಗೋ ಅಷ್ಟು ಕಳ್ಸಿ, ಲೋ ಆದಾಗ ಮಾತ್ರ ಅದು ಬೇಡ, ಗ್ಲೂಕೋಸ್ ಡಬ್ಬಿ ಬೇರೆ ಇಡಿ ಅಂದೆ.